ಬೀರುವಿನಲ್ಲಿಟ್ಟ ಎರಡು ಅರ್ಜಿಗಳು

ಹೊಸನಗರ ಕಡೆಯ ತಂಗಿಗೆ,

ನಿಮ್ಮ ಪತ್ರ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದವಳೇ ಇನ್ನೊಂದು ಸಲ ಓದಿದೆ.

ಬೇರೆ ಓದುಗರಿಗಾಗಿ ವಿಷಯ ಇಷ್ಟು. ಇವರಿಗೆ 26 ವರ್ಷ. ಊರಿನ ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ. ಎಂಟನೇ ಕ್ಲಾಸಿನಿಂದ ಜೊತೆಗೆ ಓದಿದ ಒಬ್ಬ ಹುಡುಗನ ಮೇಲೆ ಮನಸ್ಸು. ಅವನಿಗೆ ಇವತ್ತಿಗೂ ಗೊತ್ತಿಲ್ಲ. ಅವನೀಗ ಬೆಂಗಳೂರಿನಲ್ಲಿದ್ದಾನೆ, ಗಣೇಶನ ಹಬ್ಬಕ್ಕೆ ಊರಿಗೆ ಬರುತ್ತಾನೆ. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. ‘ಹೇಳಲಾ, ಬಿಡಲಾ?’

ಹೇಳಿ. ಆ ಪ್ರಶ್ನೆಗೆ ಉತ್ತರ ಅಷ್ಟೇ. ನನ್ನ ನಿದ್ದೆ ಕೆಡಿಸಿದ್ದು ಬೇರೆ.

ಶಾಲೆಯ ವಾರ್ಷಿಕೋತ್ಸವದ ನಾಟಕ. ನೀವು ಸೈಡ್‌ವಿಂಗಿನಲ್ಲಿ ನಿಂತು ಮಾತು ಹೇಳಿಕೊಡುವವರು. ರಾಜನ ಪಾರ್ಟು ಮಾಡಿದ್ದ ಅವನಿಗೆ ಮಧ್ಯದಲ್ಲೇ ಮಾತು ಮರೆತುಹೋಯಿತು. ತಿರುಗಿ ನಿಮ್ಮ ಕಡೆ ನೋಡಿದ. ನೀವು ಪುಸ್ತಕ ನೋಡದೇ ಹೇಳಿಕೊಟ್ಟಿರಿ. ‘ಅವತ್ತೇ ಬಿದ್ದೆ’ ಎಂದು ಬರೆದು, ಅವನ ಕಣ್ಣಿನ ಬಗ್ಗೆ ಅರ್ಧ ಪುಟ ತುಂಬಿಸಿದ್ದೀರಿ. ಆಮೇಲೆ ಒಂದೇ ಒಂದು ಸಾಲು: ‘ಹೆಗ್ಗೋಡಿನ ನೀನಾಸಮ್‌ ನಾಟಕ ಶಾಲೆಗೆ ಎರಡು ವರ್ಷ ಅರ್ಜಿ ತುಂಬಿ ಬೀರುವಿನಲ್ಲಿಟ್ಟಿದ್ದೇನೆ, ಅದು ಬಿಡಿ.’

ಯಾಕೆ ಬಿಡಬೇಕು? ಪುಸ್ತಕ ನೋಡದೇ ಹೇಳಿಕೊಟ್ಟಿರಿ ಅಂದರೆ ಎಲ್ಲರ ಪಾರ್ಟೂ ನಿಮಗೆ ಬಾಯಿಗೆ ಬರುತ್ತಿತ್ತು ಅಂತ ಅಲ್ವಾ? 13 ವರ್ಷದ ಹುಡುಗಿಯೊಬ್ಬಳು ಇಡೀ ನಾಟಕ ಬಾಯಿಪಾಠ ಮಾಡಿಕೊಂಡು ಕತ್ತಲಲ್ಲಿ ನಿಂತಿದ್ದಳು. ನನಗೆ ಕಾಣುತ್ತಿರುವುದು ಅವಳು. ಆ ಹುಡುಗನನ್ನು ನೀವು ಇಷ್ಟಪಟ್ಟಿದ್ದು ನಿಜ. ಅವನು ನಿಂತಿದ್ದ ಜಾಗವನ್ನೂ ಅಷ್ಟೇ ಇಷ್ಟಪಟ್ಟಿರಿ.

ನಿಮ್ಮ ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಅಡಿಕೆಗೆ ಕೊಳೆರೋಗ ಬಂದ ವರ್ಷ, ಮಗಳ ಮದುವೆಯೊಂದು ಮುಗಿದರೆ ಸಾಕು ಅಂತ ಯಾವ ಅಪ್ಪನಿಗೂ ಅನ್ನಿಸುತ್ತದೆ. ಸಿಟ್ಟಿರುವುದು ನಿಮ್ಮ ಅಕ್ಕನ ಮೇಲೆ. ‘ಆಸೆ ಇಟ್ಕೊಂಡ್ರೆ ತಾನೇ ನೋವು, ಸುಮ್ನಿರು’ ಅಂದಿದ್ದು ಅವರೇ. ಹುಡುಗನ ಮನಸ್ಸು ತಿಳಿದುಕೊಂಡು ಬರುತ್ತೇನೆ ಅಂತ ವಹಿಸಿಕೊಂಡವರೂ ಅವರೇ. ಮೂರು ವರ್ಷ ಕಾಯಿಸಿ, ‘ಅವ್ನಿಗೆ ಇಷ್ಟ ಇರೋ ಹಾಗೆ ಕಾಣಲ್ಲ’ ಅಂದರಂತೆ. ಯಾರನ್ನು ಕೇಳಿದ್ದರು? ಮನಸ್ಸಿನ ವಿಷಯಕ್ಕೆ ಮಧ್ಯವರ್ತಿ ಬೇಡ ಅಂತ ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೆ!

ನೋವಾಗುತ್ತದೆ, ಇಲ್ಲ ಅನ್ನುವುದಿಲ್ಲ. ಇಪ್ಪತ್ತನೇ ವಯಸ್ಸಿನಲ್ಲಿ ನಾನೊಬ್ಬನಿಗೆ ಹೇಳಿದ್ದೆ. ಅವನು ಬೇಡ ಅಂದ. ಒಂದು ತಿಂಗಳು ಅತ್ತೆ. ಈಗ ಅವನ ಮುಖವೂ ಸರಿಯಾಗಿ ನೆನಪಿಗೆ ಬರುವುದಿಲ್ಲ. ಅದೇ ವರ್ಷ ಫೇಲಾದರೆ ಅಂತ ಹೆದರಿ ಕಟ್ಟದೇ ಬಿಟ್ಟ ಪರೀಕ್ಷೆಯ ಫೀಜು ಮಾತ್ರ ಚೆನ್ನಾಗಿ ನೆನಪಿದೆ, 75 ರೂಪಾಯಿ. ಅಮೆರಿಕದ ಥಾಮಸ್ ಗಿಲೋವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ ಎಂಬ ಮನಶ್ಶಾಸ್ತ್ರಜ್ಞರು 1990ರ ದಶಕದಲ್ಲಿ ಜನರ ಪಶ್ಚಾತ್ತಾಪಗಳನ್ನು ಅಧ್ಯಯನ ಮಾಡಿದಾಗ ಕಂಡಿದ್ದೂ ಇದೇ. ಮೊದಮೊದಲು ಮಾಡಿದ ತಪ್ಪು ಜಾಸ್ತಿ ಚುಚ್ಚುತ್ತದೆ. ವರ್ಷಗಳು ಕಳೆದ ಮೇಲೆ ಕಾಡುವುದು ಮಾಡದೇ ಬಿಟ್ಟದ್ದು.

ಇನ್ನು, ‘ನಮ್ಮಂಥವರಿಗೆಲ್ಲಿಯ ನಾಟಕ’ ಅಂದಿದ್ದೀರಿ. ನೀನಾಸಮ್ ಶುರುವಾಗಿದ್ದೇ 1949ರಲ್ಲಿ, ನಿಮ್ಮ ಪಕ್ಕದ ಸಾಗರ ತಾಲೂಕಿನ ಒಂದು ಹಳ್ಳಿಯ ಹವ್ಯಾಸಿ ತಂಡವಾಗಿ. ಅಡಿಕೆ ಬೆಳೆಯುವ ಆ ಊರಲ್ಲೇ 1980ರಲ್ಲಿ ಕೆ.ವಿ. ಸುಬ್ಬಣ್ಣ ರಂಗಶಿಕ್ಷಣ ಕೇಂದ್ರ ತೆರೆದರು. ಐದು ವರ್ಷಕ್ಕೆ ‘ತಿರುಗಾಟ’ ಎಂಬ ಸಂಚಾರಿ ನಾಟಕ ತಂಡ ಹೊರಟಿತು, ಊರೂರಿಗೆ ನಾಟಕ ಹೋಯಿತು. ನಿಮ್ಮಂಥವರ ನಡುವೆಯೇ ಹುಟ್ಟಿದ ಜಾಗ ಅದು. ಸೀಟು ಸಿಗದೇ ಹೋಗಬಹುದು. ಸಿಕ್ಕಿದರೂ ನಾಟಕ ಹೊಟ್ಟೆ ತುಂಬಿಸುತ್ತದೆ ಅಂತ ನಾನು ಸುಳ್ಳು ಹೇಳಲಾರೆ. ಆದರೆ ಬೇಡ ಅನ್ನುವುದಿದ್ದರೆ ಅವರು ಅನ್ನಲಿ. ಅವರ ಪರವಾಗಿ ನೀವೇ ಎರಡು ವರ್ಷದಿಂದ ಅನ್ನುತ್ತಿದ್ದೀರಿ.

ಈ ಸಲ ಅರ್ಜಿ ಕರೆದ ವಾರದಲ್ಲೇ ತುಂಬಿ ಕಳಿಸಿ. ನನ್ನ ಸಲಹೆ ಇದೊಂದೇ. ಹುಡುಗನಿಗೆ ಹಬ್ಬದಲ್ಲಿ ಎದುರು ನಿಂತು ಹೇಳಿ, ಆದರೆ ಅವನ ಉತ್ತರಕ್ಕಾಗಿ ಅರ್ಜಿ ಕಾಯುವುದು ಬೇಡ.

ಸಂದರ್ಶನಕ್ಕೆ ಕರೆ ಬಂದರೆ ಅಪ್ಪನಿಗೆ ತಿಳಿಸಬೇಕಲ್ಲ. ರಾತ್ರಿ ಊಟ ಮುಗಿಸಿ ಅವರು ಜಗಲಿಯಲ್ಲಿ ಕವಳ ಹಾಕಿಕೊಂಡು ಕೂತಿರುವಾಗ ಪಕ್ಕದಲ್ಲಿ ಕೂತು ನೀವೇ ಹೇಳಿ. ಅಕ್ಕನ ಕೈಲಿ ಹೇಳಿಸಬೇಡಿ.