ಐದು ಕಡೆ ಖಾತೆ ಇದೆ, ಎಲ್ಲ ಕಡೆ ಒಂದೇ ಪೋಸ್ಟ್ ಹಾಕಬೇಕಾ?

ನೀವು ಇಂಟೀರಿಯರ್ ಡಿಸೈನ್ ಕೆಲಸವನ್ನು ಸ್ವಂತವಾಗಿ ಶುರು ಮಾಡಿದ್ದೀರಿ. ಇನ್‌ಸ್ಟಾಗ್ರಾಂ, ಲಿಂಕ್ಡ್‌ಇನ್, ಎಕ್ಸ್ (ಹಿಂದಿನ ಟ್ವಿಟರ್), ಫೇಸ್‌ಬುಕ್, ಯೂಟ್ಯೂಬ್ ಐದರಲ್ಲೂ ಖಾತೆ ತೆರೆದಿದ್ದೀರಿ. ಒಂದೇ ಪೋಸ್ಟ್ ಎಲ್ಲ ಕಡೆ ಹಾಕಿದರೆ ಯಾರೂ ನೋಡುತ್ತಿಲ್ಲ, ಬೇರೆ ಬೇರೆ ಬರೆಯೋಣ ಅಂದರೆ ಹೊತ್ತು ಸಾಲುತ್ತಿಲ್ಲ, ಹಳೆಯ ಪೋಸ್ಟ್‌ಗಳನ್ನು ಅಳಿಸಬೇಕೋ ಬೇಡವೋ ಗೊತ್ತಾಗುತ್ತಿಲ್ಲ ಎಂದು ಕೇಳಿದ್ದೀರಿ. ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ. ಇದೇ ಪಾಡು ನಾನೂ ಪಟ್ಟಿದ್ದೇನೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಪೋಸ್ಟ್ ವಿಷಯಕ್ಕೆ ಆಮೇಲೆ ಬರೋಣ. ಮೊದಲು ನಿಮ್ಮ ಐದು ಪ್ರೊಫೈಲ್‌ಗಳನ್ನು ಪಕ್ಕಪಕ್ಕದಲ್ಲಿ ತೆರೆದಿಟ್ಟು ನೋಡಿ. ನಿಮಗೆ ಕೆಲಸ ಕೊಡಬೇಕು ಅಂದುಕೊಂಡವರು ಒಂದು ಪೋಸ್ಟ್ ನೋಡಿ ಸುಮ್ಮನಾಗುವುದಿಲ್ಲ. ನಿಮ್ಮ ಹೆಸರು ಹುಡುಕುತ್ತಾರೆ. ಸಿಕ್ಕಿದ ಎರಡು ಮೂರು ಖಾತೆಗಳಿಗೆ ಹೋಗಿ ಬರುತ್ತಾರೆ. ಅಲ್ಲೆಲ್ಲ ಒಬ್ಬರೇ ಮನುಷ್ಯ ಕಾಣಬೇಕು, ಅಲ್ವಾ?

ನನ್ನದು ಹಾಗಿರಲಿಲ್ಲ. ಒಂದು ಕಡೆ ಮಕ್ಕಳ ಪುಸ್ತಕದ ಚಿತ್ರಗಳು, ಇನ್ನೊಂದು ಕಡೆ ‘ಲೋಗೋ ಮಾಡಿಕೊಡುತ್ತೇನೆ’ ಎಂಬ ಹಳೆಯ ಸಾಲು, ಮತ್ತೊಂದು ಕಡೆ ಬಿಟ್ಟು ಎಷ್ಟೋ ಕಾಲವಾದ ಆಫೀಸಿನ ಹೆಸರು. ಪುಸ್ತಕದ ಕೆಲಸಕ್ಕಾಗಿ ಮಾತಾಡುತ್ತಿದ್ದ ಒಬ್ಬರು ‘ಇವೆಲ್ಲ ನೀವೇನಾ?’ ಎಂದು ಕೇಳಿದರು. ನಾನೇ ಅಂದೆ. ಆ ಕೆಲಸ ನನಗೆ ಬರಲಿಲ್ಲ. ಕಾರಣ ಇದೊಂದೇ ಎಂದು ಹೇಳಲಾರೆ. ಆದರೆ ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಅವತ್ತೇ ಕೂತು ಸರಿ ಮಾಡಿದೆ. ನೀವೂ ಎಲ್ಲ ಕಡೆ ಒಂದೇ ಫೋಟೊ ಹಾಕಿ. ಮುಖ ನಡುವೆ ಇರಲಿ, ಏಕೆಂದರೆ ಹೆಚ್ಚಿನ ಕಡೆ ಫೋಟೊವನ್ನು ದುಂಡಗೆ ಕತ್ತರಿಸಿ ತೋರಿಸುತ್ತಾರೆ. ಬಳಕೆದಾರ ಹೆಸರೂ ಒಂದೇ ಆಗಿರಲಿ. ಇನ್‌ಸ್ಟಾಗ್ರಾಂ 30 ಅಕ್ಷರದ ತನಕ ಬಿಡುತ್ತದೆ, ಎಕ್ಸ್ ಬಿಡುವುದು 15 ಮಾತ್ರ. ಆದ್ದರಿಂದ 15ರೊಳಗೆ ಕೂರುವ ಹೆಸರು ಆರಿಸಿ. ಪರಿಚಯದ ಸಾಲಿಗೂ ಇದೇ ಲೆಕ್ಕ. ಇನ್‌ಸ್ಟಾಗ್ರಾಂ ಬಯೋಗೆ 150, ಎಕ್ಸ್‌ಗೆ 160, ಲಿಂಕ್ಡ್‌ಇನ್ ಹೆಡ್‌ಲೈನ್‌ಗೆ 220 ಅಕ್ಷರ. 150ರೊಳಗೆ ಒಂದು ಸಾಲು ಬರೆದರೆ ಮೂರೂ ಕಡೆ ಕೂರುತ್ತದೆ. ಯಾರಿಗೆ, ಏನು ಮಾಡಿಕೊಡುತ್ತೀರಿ ಅನ್ನುವುದು ಆ ಸಾಲಿನಲ್ಲಿ ಇರಲೇಬೇಕು. ‘ಕನಸುಗಾರ, ಸೌಂದರ್ಯ ಪ್ರೇಮಿ’ ಅಂತ ಬರೆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. ‘ಚಿಕ್ಕ ಮನೆಗಳಿಗೆ ಒಳಾಂಗಣ ವಿನ್ಯಾಸ ಮಾಡುತ್ತೇನೆ’ ಅಂದರೆ ತಿಳಿಯುತ್ತದೆ.

ಅಂದಹಾಗೆ, ಕನ್ನಡದಲ್ಲಿ ಬರೆಯುವವರು ಇದನ್ನೂ ನೆನಪಿಡಬೇಕು. ಎಕ್ಸ್‌ನಲ್ಲಿ ಒತ್ತು, ಕೊಂಬು, ದೀರ್ಘ ಎಲ್ಲವೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಅಲ್ಲಿ ಅದು ಆರು. ಹಾಗಾಗಿ ಉಚಿತ ಖಾತೆಯಲ್ಲಿ ಒಂದು ಪೋಸ್ಟ್‌ಗೆ ಇರುವ 280 ಅಕ್ಷರದ ಮಿತಿ ನಾವು ಅಂದುಕೊಂಡದ್ದಕ್ಕಿಂತ ಬೇಗ ಮುಗಿದುಹೋಗುತ್ತದೆ.

ಈಗ ಪೋಸ್ಟ್. ಐದೂ ಕಡೆ ಹೊಸದಾಗಿ ಬರೆಯಬೇಡಿ, ಸುಸ್ತಾಗಿ ಎಲ್ಲವನ್ನೂ ಬಿಟ್ಟುಬಿಡುತ್ತೀರಿ. ವಿಷಯ ಒಂದೇ ಇರಲಿ, ಹೇಳುವ ರೀತಿ ಬದಲಾಗಲಿ. ಗೆಳೆಯರ ಹತ್ತಿರ ಹೇಳಿದ ಸಂಗತಿಯನ್ನೇ ನಾವು ಕೆಲಸದ ಜಾಗದಲ್ಲಿ ಬೇರೆ ಥರ ಹೇಳುತ್ತೇವಲ್ಲ, ಹಾಗೆ. ನೀವು ಒಂದು ಇಕ್ಕಟ್ಟಾದ ಅಡುಗೆಮನೆ ಸರಿ ಮಾಡಿದ್ದೀರಿ ಅಂತಿಟ್ಟುಕೊಳ್ಳಿ. ಇನ್‌ಸ್ಟಾಗ್ರಾಂನಲ್ಲಿ ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ತೋರಿಸುವ ಫೋಟೊಗಳು ಸಾಕು. ಲಿಂಕ್ಡ್‌ಇನ್‌ನಲ್ಲಿ ಆ ಮನೆಯವರು ಕೇಳಿದ್ದೇನು, ನೀವು ಯಾವುದಕ್ಕೆ ಬೇಡ ಅಂದಿರಿ, ಏಕೆ ಅಂದಿರಿ ಎಂಬುದನ್ನು ಬರೆಯಿರಿ. ನನ್ನ ಅನುಭವದಲ್ಲಿ ಅಲ್ಲಿ ಕೆಲಸ ಕೊಡುವವರು ಚಿತ್ರಕ್ಕಿಂತ ಜಾಸ್ತಿ ಈ ಯೋಚನೆಯನ್ನೇ ನೋಡುತ್ತಾರೆ. ಎಕ್ಸ್‌ಗೆ ಆ ಕೆಲಸದಲ್ಲಿ ಕಲಿತ ಒಂದೇ ಒಂದು ಮಾತು ಹಾಕಿ. ಮೂರಕ್ಕೂ ಮೂಲ ಒಂದೇ, ನೀವು ಕೆಲಸದ ಹೊತ್ತಿನಲ್ಲಿ ಬರೆದಿಟ್ಟುಕೊಂಡ ಟಿಪ್ಪಣಿ.

ಸುಮ್ನೆ ಕಾಪಿ ಪೇಸ್ಟ್ ಮಾಡಿದರೆ ಅದು ಎದ್ದು ಕಾಣುತ್ತದೆ. ಇನ್‌ಸ್ಟಾಗ್ರಾಂ ಪೋಸ್ಟ್ ಕೆಳಗೆ ಬರೆದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ, ಅದಕ್ಕೆ ಅಲ್ಲಿ ‘ಲಿಂಕ್ ಬಯೋದಲ್ಲಿದೆ’ ಎಂದು ಬರೆಯುತ್ತಾರೆ. ಅದೇ ಸಾಲು ಲಿಂಕ್ಡ್‌ಇನ್‌ನಲ್ಲಿ ಕಂಡರೆ, ಇವರು ನಮ್ಮ ಜೊತೆ ಮಾತಾಡುತ್ತಿಲ್ಲ ಅಂತ ಓದುಗರಿಗೆ ಅನಿಸುತ್ತದೆ. ವಿಡಿಯೊ ಕೂಡ ಹಾಗೇ. ಬೇರೆ ಆ್ಯಪ್‌ನ ಗುರುತು ಎದ್ದು ಕಾಣುವ ರೀಲ್‌ಗಳನ್ನು ಹೆಚ್ಚು ಜನರಿಗೆ ತೋರಿಸುವುದಿಲ್ಲ ಎಂದು ಇನ್‌ಸ್ಟಾಗ್ರಾಂ 2021ರಲ್ಲೇ ಹೇಳಿದೆ.

ಐದೂ ಬೇಕಾ? ನನ್ನ ಪ್ರಕಾರ ಬೇಡ. ಎರಡರಲ್ಲಿ ಗಟ್ಟಿಯಾಗಿ ನಿಲ್ಲಿ. ನಿಮ್ಮ ಕೆಲಸಕ್ಕೆ ಇನ್‌ಸ್ಟಾಗ್ರಾಂ ಮತ್ತು ಲಿಂಕ್ಡ್‌ಇನ್ ಸಾಕು. ಉಳಿದ ಮೂರರಲ್ಲಿ ಫೋಟೊ, ಪರಿಚಯದ ಸಾಲು, ನಿಮ್ಮನ್ನು ಎಲ್ಲಿ ಕಾಣಬಹುದು ಎಂಬ ಲಿಂಕ್ ಇಟ್ಟು ಬಿಡಿ. ಹೆಸರು ನಿಮ್ಮ ಕೈಯಲ್ಲೇ ಉಳಿಯುತ್ತದೆ. ಅಲ್ಲಿಗೆ ಬಂದವರೂ ದಾರಿ ತಪ್ಪುವುದಿಲ್ಲ.

ಇದರ ಜೊತೆಗೆ ನಿಮ್ಮದೇ ಒಂದು ಚಿಕ್ಕ ವೆಬ್‌ಸೈಟ್ ಬೇಕೇ ಬೇಕು. ಒಂದು ಪುಟವಾದರೂ ಸರಿ. ಆರ್ಕುಟ್ ಎಂಬ ಜಾಲತಾಣ 2014ರಲ್ಲಿ ಮುಚ್ಚಿತು, ಚಿಕ್ಕ ವಿಡಿಯೊಗಳ ಆ್ಯಪ್ ವೈನ್ 2017ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ. ಅಲ್ಲಿ ಒಬ್ಬೊಬ್ಬರನ್ನಾಗಿ ಜನರನ್ನು ಸೇರಿಸಿಕೊಂಡಿದ್ದವರು ಮತ್ತೆ ಸೊನ್ನೆಯಿಂದ ಶುರು ಮಾಡಬೇಕಾಯಿತು. ಖಾತೆ ನಮ್ಮ ಹೆಸರಿನಲ್ಲಿ ಇರಬಹುದು, ಜಾಗ ಮಾತ್ರ ಬೇರೆಯವರದು.

ಖಾತೆಯ ಕೀಲಿಯ, ಅಂದರೆ ಪಾಸ್‌ವರ್ಡ್ ಮತ್ತು ಭದ್ರತೆಯ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳಿಬಿಡುತ್ತೇನೆ. ಒಂದು ಜಾಲತಾಣದಲ್ಲಿ, ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡ್ ಕೂಡ ಕೇಳುವ ಎರಡು ಹಂತದ ಭದ್ರತೆಗೆ ನನ್ನ ಫೋನ್ ನಂಬರ್ ಕೊಟ್ಟಿದ್ದೆ. ನಂಬರ್ ಬದಲಾಯಿತು, ಖಾತೆಯಲ್ಲಿ ಬದಲಿಸಲು ಮರೆತೆ. ಫೋನ್ ಕೈಯಲ್ಲಿ ಇಲ್ಲದಾಗ ಖಾತೆಗೆ ಹೋಗಲು ಕೊಡುವ ಬ್ಯಾಕಪ್ ಕೋಡ್‌ಗಳನ್ನೂ ಇಟ್ಟುಕೊಂಡಿರಲಿಲ್ಲ. ಆ ಖಾತೆ ನನಗೆ ವಾಪಸ್ ಸಿಗಲೇ ಇಲ್ಲ. ಈಗ ಆ ಎರಡನೇ ಕೋಡನ್ನು ಫೋನಿನಲ್ಲೇ ತೋರಿಸುವ ಅಥೆಂಟಿಕೇಟರ್ ಆ್ಯಪ್ ಬಳಸುತ್ತೇನೆ, ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದಿಟ್ಟಿದ್ದೇನೆ, ಒಂದೊಂದು ಕಡೆ ಒಂದೊಂದು ಪಾಸ್‌ವರ್ಡ್ ಇದೆ.

ಹಳೆಯ ಪೋಸ್ಟ್‌ಗಳ ಬಗ್ಗೆ ಕೇಳಿದ್ದಿರಲ್ಲ, ಆತುರದಲ್ಲಿ ಅಳಿಸಬೇಡಿ. ಇನ್‌ಸ್ಟಾಗ್ರಾಂನಲ್ಲಿ ಆರ್ಕೈವ್ ಇದೆ. ಪೋಸ್ಟ್ ಬೇರೆಯವರಿಗೆ ಕಾಣುವುದಿಲ್ಲ, ನಿಮ್ಮ ಹತ್ತಿರ ಹಾಗೇ ಇರುತ್ತದೆ. ಬೇರೆ ಕಡೆ ಅಳಿಸಲೇಬೇಕು ಅನಿಸಿದರೆ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ಡೇಟಾ ಡೌನ್‌ಲೋಡ್ ಮಾಡಿಕೊಳ್ಳಿ. ಮುಖ್ಯ ಅನಿಸಿದ ಕಾಮೆಂಟ್‌ಗಳ ಸ್ಕ್ರೀನ್‌ಶಾಟ್ ಕೂಡ ತೆಗೆದಿಡಿ. ಪೋಸ್ಟ್ ಹೋದರೆ ಅದರ ಕೆಳಗೆ ಜನ ಬರೆದದ್ದೂ ಹೋಗುತ್ತದೆ. ನನ್ನ ಮೊದಲ ಪುಸ್ತಕ ನೋಡಿ ಮಕ್ಕಳ ಅಪ್ಪ ಅಮ್ಮಂದಿರು ಬರೆದಿದ್ದ ಮಾತುಗಳು ಹಾಗೇ ಹೋದವು.