ಅಡಿಕೆ ನಾರಿನ ಶೀಟು ಮಳೆಗೆ ಉಬ್ಬಿತು ಅಂದವರಿಗೆ

ಅಣ್ಣಾ, ಅಡಿಕೆ ಸಿಪ್ಪೆಯ ನಾರಿಗೆ ಪಾಲಿಯೆಸ್ಟರ್ ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ಅಂಟು ದ್ರವ) ಹಾಕಿ ಶೀಟು ಮಾಡಿದೆ, ಒಂದೇ ಮಳೆಗೆ ಉಬ್ಬಿ ಪದರ ಬಿಟ್ಟಿತು, ರೆಸಿನ್ ಕಳಪೆಯಾ ಅಂತ ಕೇಳಿದ್ದೀರಿ. ರೆಸಿನ್ನನ್ನು ಸುಮ್ನೆ ಬೈಯಬೇಡಿ. ನನಗೆ ನಾರಿನ ಮೇಲೇ ಅನುಮಾನ.

ದಾವಣಗೆರೆಯಲ್ಲಿ ನಂದು ಫೈಬರ್ ಕೆಲಸದ ಸಣ್ಣ ಶೆಡ್ಡು. ಗಾಜಿನ ನಾರಿನ ಮ್ಯಾಟ್ ಹಾಕಿ ಪಳಗಿದ ಕೈ ಅಂತ ಧೈರ್ಯ ಮಾಡಿ, ಚಿತ್ರದುರ್ಗದ ಕಡೆಯಿಂದ ಕತ್ತಾಳೆ ನಾರು ತಂದೆ. ಮೊದಲ ಮೂರು ಶೀಟು ಗುಜರಿಗೆ! ಗಾಜು ನೀರು ಕುಡಿಯುವುದಿಲ್ಲ, ಗಿಡದ ನಾರು ಕುಡಿಯುತ್ತದೆ. ಮುಟ್ಟಿದರೆ ಗರಿಗರಿ ಅನಿಸಿದರೂ ತೂಕದಲ್ಲಿ ನೂರಕ್ಕೆ ಹತ್ತರಷ್ಟು ನೀರು ಇರಬಹುದು. ಅಲ್ಲಿ ರೆಸಿನ್ ಕಚ್ಚುವುದಿಲ್ಲ.

ಲೀಟರ್ ನೀರಿಗೆ 50 ಗ್ರಾಂ ಕಾಸ್ಟಿಕ್ ಸೋಡಾ ಹಾಕಿ, ನಾರನ್ನು ಮೂರು ಗಂಟೆ ನೆನೆಸಿ. ಮೇಲಿನ ಮೇಣ ಹೋಗಿ ನಾರು ಒರಟಾಗುತ್ತದೆ, ರೆಸಿನ್ ಕಚ್ಚುತ್ತದೆ. ಪ್ಲಾಸ್ಟಿಕ್ ಟಬ್ಬೇ ಇರಲಿ, ಅಲ್ಯೂಮಿನಿಯಂ ಬೇಡ. ಸೋಡಾವನ್ನು ನೀರಿಗೆ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು. ಕೈಗವಸು, ಕನ್ನಡಕ ಬೇಕೇ ಬೇಕು. ಜಾರು ಹೋಗುವ ತನಕ ತೊಳೆದು ಬಿಸಿಲಿಗೆ ಹರಡಿ. ಒಣಗಿತಾ ಅಂತ ಕೈ ಅಲ್ಲ, ತಕ್ಕಡಿ ಹೇಳಬೇಕು. ತೂಕ ಇಳಿಯುವುದು ನಿಂತ ಮೇಲೆ, ಮೋಡ ಇಲ್ಲದ ದಿನ ನೋಡಿ ರೆಸಿನ್ ಕಲಸಿ.

ಒಂದು ಮಾತು ಮರೆಯಬೇಡಿ. ಕೋಬಾಲ್ಟನ್ನು (ಗಟ್ಟಿಯಾಗುವುದನ್ನು ಚುರುಕು ಮಾಡುವ ದ್ರವ) ಮೊದಲು ರೆಸಿನ್‌ಗೆ ಚೆನ್ನಾಗಿ ಕಲಸಿ, ಆಮೇಲಷ್ಟೇ ಹಾರ್ಡನರ್ (ರೆಸಿನ್ ಗಟ್ಟಿಯಾಗಿಸುವ ದ್ರವ). ಇವೆರಡನ್ನೂ ನೇರ ಸೇರಿಸಿದರೆ ಸಿಡಿಯಬಹುದು, ಬೆಂಕಿಯೂ ಹತ್ತಬಹುದು.

ಕತ್ತರಿಸಿದ ಅಂಚಿಗೆ ರೆಸಿನ್ ಬಳಿದಿದ್ದಿರಾ? ಬಿಟ್ಟಿದ್ದರೆ ನೀರು ಹೊಕ್ಕಿದ್ದು ಬಹುಶಃ ಅಲ್ಲಿಂದಲೇ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಎಳೆಯುತ್ತದೆ.

ಇನ್ನು ಗಟ್ಟಿತನ ನೋಡುವುದು. 25 ಮಿ.ಮೀ. ಅಗಲದ ಹತ್ತು ಪಟ್ಟಿ ಕೊಯ್ದು, ಅಂಚಿಗೆ ರೆಸಿನ್ ಬಳಿದು ಒಣಗಿಸಿ. ಐದನ್ನು ಹಾಗೇ ಇಡಿ, ಐದನ್ನು 24 ಗಂಟೆ ನೀರಲ್ಲಿ ಮುಳುಗಿಸಿ. ಎರಡು ಸರಳಿನ ಮೇಲೆ ಪಟ್ಟಿ ಇಟ್ಟು, ನಡುವೆ ಬಕೆಟ್ ನೇತುಹಾಕಿ ನಿಧಾನ ನೀರು ಸುರಿಯಿರಿ. ಸರಳುಗಳ ನಡುವಿನ ಅಂತರ ದಪ್ಪದ 16 ಪಟ್ಟು ಇರಲಿ; 4 ಮಿ.ಮೀ. ಶೀಟಿಗೆ 64 ಮಿ.ಮೀ. ಅಂಥ ಪಟ್ಟಿ 20 ಕೆ.ಜಿ.ಗೆ ಮುರಿದರೆ ಬಾಗು ಬಲ, ಅಂದರೆ ಬಾಗಿದಾಗ ಮುರಿಯದೆ ತಡೆಯುವ ಶಕ್ತಿ, ಸುಮಾರು 47 ಮೆಗಾಪ್ಯಾಸ್ಕಲ್ (ಅದನ್ನು ಅಳೆಯುವ ಮಾನ). ನೆನೆದ ಪಟ್ಟಿ ಒಣ ಪಟ್ಟಿ ತಡೆದ ತೂಕದ ಅರ್ಧಕ್ಕೇ ಮುರಿದರೆ ಹೊರಗೆ ಹಾಕುವ ಆಸೆ ಬಿಡಿ, ಒಳಗಿನ ಪಾರ್ಟಿಷನ್‌ಗೆ ಬಳಸಿ. ಚಾವಣಿಯೇ ಬೇಕು ಅಂದರೆ ಎರಡೂ ಮೈಗೆ ಒಂದೊಂದು ಗಾಜಿನ ಮ್ಯಾಟ್ ಕೊಡಿ, ಖರ್ಚು ಜಾಸ್ತಿ ಆಗುತ್ತದೆ ಅಷ್ಟೇ.

ಮುರಿದ ಜಾಗವನ್ನೂ ನೋಡಿ. ನಾರು ಬೋಳಾಗಿ ಕಿತ್ತು ಬಂದಿದ್ದರೆ ಹಿಡಿತ ಇಲ್ಲ, ರೆಸಿನ್ ಜೊತೆಗೇ ತುಂಡಾಗಿದ್ದರೆ ಹಿಡಿತ ಚೆನ್ನಾಗಿದೆ. ನಿಮ್ಮ ಉಬ್ಬಿದ ಶೀಟಿನ ಅಂಚಿನ ಫೋಟೋ ಹತ್ತಿರದಿಂದ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.