ಮುಚ್ಚಳ ಹಾಕಿದ ಮೇಲೂ ಕೌಂಟ್ ಯಾಕೆ ಬರುತ್ತದೆ?

ಪ್ರಶ್ನೆ: ನಮ್ಮ ಫೋಟೋಮಲ್ಟಿಪ್ಲೈಯರ್ ಟ್ಯೂಬ್ (ತೀರಾ ಮಂದ ಬೆಳಕನ್ನು ಎಣಿಸುವ ಸಾಧನ) ಮುಚ್ಚಳ ಹಾಕಿದ್ದರೂ ಸೆಕೆಂಡಿಗೆ 900 ಕೌಂಟ್ ತೋರಿಸುತ್ತಿದೆ. ಹಾಳಾಗಿದೆಯೇ? ಈ 900 ಅನ್ನು ಕಳೆದುಬಿಟ್ಟರೆ ಸಾಕಲ್ವಾ?

ಉತ್ತರ: ಹಾಳಾಗಿರಲಿಕ್ಕಿಲ್ಲ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಆದರೆ ಬೇಕಾದ ವಿವರವನ್ನು ಮಾತ್ರ ಯಾರೂ ಬರೆಯುವುದಿಲ್ಲ. ಮುಚ್ಚಳ ಹಾಕಿ ಎಷ್ಟು ಹೊತ್ತಾಯಿತು? ಟ್ಯೂಬ್ ಮೇಲೆ ಕೋಣೆಯ ಬೆಳಕು ಬಿದ್ದಿದ್ದರೆ, ಅದು ಆಫ್ ಇದ್ದಾಗಲೇ ಬಿದ್ದಿದ್ದರೂ, ಕೌಂಟ್ ಇಳಿಯಲು ಗಂಟೆಗಟ್ಟಲೆ ಬೇಕು. ರಾತ್ರಿಯಿಡೀ ಕತ್ತಲಲ್ಲಿಟ್ಟು ಬೆಳಿಗ್ಗೆ ನೋಡಿ. ಹೈ ವೋಲ್ಟೇಜ್ ಆನ್ ಇರುವಾಗಲೇ ಮುಚ್ಚಳ ತೆಗೆದಿದ್ದರೆ ಮಾತ್ರ ನಿಮ್ಮ ಭಯ ಸರಿ.

ಪೂರ್ತಿ ಕತ್ತಲಲ್ಲೂ ಸ್ವಲ್ಪ ಕೌಂಟ್ ಇದ್ದೇ ಇರುತ್ತದೆ. ಟ್ಯೂಬಿನ ಬೆಳಕು ಹಿಡಿಯುವ ಪದರ, ಅಂದರೆ ಫೋಟೋಕ್ಯಾಥೋಡ್, ಬೆಳಕು ಬಿದ್ದಾಗ ಎಲೆಕ್ಟ್ರಾನ್ ಬಿಡುವ ಹಾಗೆಯೇ ಬರೀ ಕೋಣೆಯ ಬಿಸಿಗೂ ಆಗಾಗ ಒಂದನ್ನು ಬಿಡುತ್ತದೆ. ಆ ಒಂದೇ ಎಲೆಕ್ಟ್ರಾನ್ ಡೈನೋಡ್‌ಗಳ (ಎಲೆಕ್ಟ್ರಾನ್‌ಗಳನ್ನು ಹೆಚ್ಚಿಸುವ ಫಲಕಗಳ) ಸಾಲು ದಾಟುವಷ್ಟರಲ್ಲಿ ಹತ್ತು ಲಕ್ಷದಷ್ಟಾಗುತ್ತದೆ. ಅದು ಹುಟ್ಟಿದ್ದು ಫೋಟಾನ್‌ನಿಂದಲೋ ಬಿಸಿಯಿಂದಲೋ ಕೌಂಟರ್‌ಗೆ ಏನು ಗೊತ್ತು? ಅದಕ್ಕೇ ಟ್ಯೂಬನ್ನು ತಣ್ಣಗಿಡುವುದು. ಗಾಜಿನಲ್ಲಿರುವ, ವಿಕಿರಣ ಸೂಸುವ ಪೊಟ್ಯಾಸಿಯಂ-40 ಮತ್ತು ಕಾಸ್ಮಿಕ್ ಕಿರಣಗಳ ಪಾಲು ಮಾತ್ರ ತಣ್ಣಗಿಟ್ಟರೂ ಹೋಗುವುದಿಲ್ಲ.

ಇನ್ನು ಬೆಳಕಿನ ಸೋರಿಕೆ. ಕೋಣೆಯ ದೀಪ ಹಾಕಿ, ಆರಿಸಿ. ಕೌಂಟ್ ಅದರ ಜೊತೆ ಏರಿ ಇಳಿದರೆ ಎಲ್ಲೋ ಸಂದಿಯಿದೆ. ಕೇಬಲ್ ಒಳಹೋಗುವ ತೂತನ್ನು ಮೊದಲು ನೋಡಿ. ಪೆಟ್ಟಿಗೆಯೊಳಗಿನ ಬೋರ್ಡ್ ಮೇಲೆ ಉರಿಯುವ ಪುಟ್ಟ ಎಲ್‌ಇಡಿ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಅದನ್ನು ಒಳಗೇ ಉರಿಯಲು ಬಿಟ್ಟು ಟ್ಯೂಬ್ ತಯಾರಕರನ್ನು ಬೈಯುವವರಿಗೆ ಕೊರತೆಯಿಲ್ಲ.

ಕಳೆಯುವ ವಿಷಯ. ಸರಾಸರಿಯನ್ನು ಕಳೆಯಬಹುದು, ಏರಿಳಿತವನ್ನಲ್ಲ. 900ರ ಮೇಲೆ ನಿಜವಾದ ಸಿಗ್ನಲ್ 100 ಇದೆ ಅಂದುಕೊಳ್ಳಿ. ಒಂದು ಸೆಕೆಂಡ್ ಸಿಗ್ನಲ್ ಜೊತೆ, ಇನ್ನೊಂದು ಸೆಕೆಂಡ್ ಕತ್ತಲಲ್ಲಿ ಎಣಿಸಿ ಕಳೆದರೆ 100 ಸಿಗುತ್ತದೆ, ನಿಜ. ಆದರೆ ಅದರ ಹಿಂದೆ 1900ರ ವರ್ಗಮೂಲ, ಅಂದರೆ ಸುಮಾರು 44ರಷ್ಟು ಅನಿಶ್ಚಿತತೆ ಇದೆ. ಎರಡನ್ನೂ ನೂರು ನೂರು ಸೆಕೆಂಡ್ ಎಣಿಸಿ, ಸೆಕೆಂಡಿಗೆ 4.4ಕ್ಕೆ ಇಳಿಯುತ್ತದೆ. ಸಿಗ್ನಲ್ ದೊಡ್ಡದಾಗಲೆಂದು ವೋಲ್ಟೇಜ್ ಏರಿಸುವ ಚಟ ಬಿಡಿ. ಬಿಸಿಗೆ ಹುಟ್ಟಿದ ಎಲೆಕ್ಟ್ರಾನೂ ಅಷ್ಟೇ ದೊಡ್ಡ ಪಲ್ಸ್ ಆಗುತ್ತದೆ.

ಪ್ರಶ್ನೆ: ಮೈಯ ಸುತ್ತಲಿನ ‘ಆರಾ’ದ ಫೋಟೋ ತೆಗೆದು ಕಾಯಿಲೆ ಹೇಳುತ್ತಾರಂತೆ. ನಂಬಬಹುದೇ?

ಉತ್ತರ: ಬೇಡ. ಮೈಯಿಂದ ಬೆಳಕು ಬರುವುದು ನಿಜ, ಆದರೆ ಅದು ಕಣ್ಣಿಗೆ ಕಾಣುವುದಕ್ಕಿಂತ ಸುಮಾರು ಸಾವಿರ ಪಟ್ಟು ಕಡಿಮೆ. 2009ರಲ್ಲಿ ಅದರ ಚಿತ್ರ ಪ್ರಕಟಿಸಿದ ಜಪಾನಿನ ವಿಜ್ಞಾನಿಗಳಿಗೆ −120 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದ ಸಿಸಿಡಿ ಕ್ಯಾಮೆರಾ ಸೆನ್ಸರೂ ಗಾಢ ಕತ್ತಲ ಕೋಣೆಯೂ ಬೇಕಾದವು. ದೀಪ ಉರಿಯುವ ಕೋಣೆಯಲ್ಲಿ ಥಟ್ಟನೆ ಬಣ್ಣಬಣ್ಣದ ಚಿತ್ರ ಕೊಡುವ ಪೆಟ್ಟಿಗೆ ಶುದ್ಧ ಮೋಸ. ಕಾಯಿಲೆಯಿದ್ದರೆ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಸಾಮಾನ್ಯ ಸಿಲಿಕಾನ್ ಕ್ಯಾಮೆರಾಕ್ಕೆ ಒಳ್ಳೆಯ ಫಿಲ್ಟರ್ ಹಾಕಿ 1550 ನ್ಯಾನೋಮೀಟರ್ ಲೇಸರ್ ನೋಡಬಹುದೇ?

ಉತ್ತರ: ಆಗದು. 1100 ದಾಟಿದ ಮೇಲೆ ಸಿಲಿಕಾನ್ ಕುರುಡು, ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಸೆನ್ಸರ್ ತಗೊಳ್ಳಿ.